ಗುದನಾಳದ ಕ್ಯಾನ್ಸರ್: ಒಂದು ಮಿಲಿಮೀಟರ್ ಅಂಚಿನಿಂದ ಮಾರ್ಕರುಗಳ ರಾಶಿಯವರೆಗೆ

ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದವರ ಪೆಥಾಲಜಿ (ತೆಗೆದ ಅಂಗಾಂಶದ ಪರೀಕ್ಷೆಯ) ವರದಿಯಲ್ಲಿ ಈಗ ಸಂಕ್ಷಿಪ್ತಾಕ್ಷರಗಳೇ ತುಂಬಿರುತ್ತವೆ. ಸಿಆರ್‌ಎಂ (ಕೊಯ್ದು ತೆಗೆದ ಭಾಗದ ಪಕ್ಕದ ಅಂಚು), ಇಎಂವಿಐ (ಕರುಳಿನ ಗೋಡೆಯಾಚೆಯ ಅಭಿಧಮನಿಗೆ ಗಡ್ಡೆ ನುಗ್ಗಿರುವುದು), ಬಡ್ಡಿಂಗ್ (ಗಡ್ಡೆಯ ಅಂಚಿನಿಂದ ಕೋಶಗಳು ಒಂಟಿಯಾಗಿ ಅಥವಾ ಸಣ್ಣ ಗುಂಪಾಗಿ ಕಳಚಿಕೊಳ್ಳುವುದು), ಟಿಆರ್‌ಜಿ (ಚಿಕಿತ್ಸೆಗೆ ಗಡ್ಡೆ ಸ್ಪಂದಿಸಿದ ದರ್ಜೆ), ಎಂಎಂಆರ್ (ಡಿಎನ್‌ಎ ನಕಲಿನ ತಪ್ಪು ತಿದ್ದುವ ಪ್ರೋಟೀನುಗಳು), ಈ ಮಾರ್ಕರುಗಳೆಲ್ಲವೂ ರೋಗದ ಮುಂದಿನ ಗತಿ ಹೇಳಲೆಂದೇ ಬಂದವು. ಆದರೆ ಒಂದೊಂದೂ ಒಂದೊಂದು ಕಾಲದಲ್ಲಿ, ಬೇರೆ ಬೇರೆ ಬಗೆಯ ಚಿಕಿತ್ಸೆ ಪಡೆದವರ ಅಂಗಾಂಶದ ಮೇಲೆ ರೂಪುಗೊಂಡಿದ್ದರಿಂದ ಅವು ಯಾವಾಗಲೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

1908ರಲ್ಲಿ ಅರ್ನೆಸ್ಟ್ ಮೈಲ್ಸ್ ಹೊಟ್ಟೆಯ ಕಡೆಯಿಂದಲೂ ಗುದದ ಕಡೆಯಿಂದಲೂ ಕೊಯ್ದು ಗುದನಾಳವನ್ನು ತೆಗೆಯುವ ವಿಧಾನ ಪ್ರಕಟಿಸಿದರು. 1932ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ ಗಡ್ಡೆಗಳನ್ನು ಮೂರು ಹಂತಗಳಾಗಿ ವಿಂಗಡಿಸಿದರು: ಕರುಳಿನ ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದ್ದರೆ ಬಿ, ದುಗ್ಧಗ್ರಂಥಿ ಮುಟ್ಟಿದ್ದರೆ ಸಿ. ಮುಂದಿನ ಅರ್ಧ ಶತಮಾನ ಹೆಚ್ಚುಕಡಿಮೆ ಈ ಮೂರು ಅಕ್ಷರಗಳ ಮೇಲೆಯೇ ನಡೆಯಿತು. ಶಸ್ತ್ರಚಿಕಿತ್ಸೆಯ ಬಳಿಕ ಸೊಂಟದ ಗೂಡಿನಲ್ಲಿ ಗಡ್ಡೆ ಮತ್ತೆ ಬಂದರೆ ಅದು ಗಡ್ಡೆಯ ಗುಣವೆಂದೇ ನಂಬಲಾಗಿತ್ತು.

ಈ ನಂಬಿಕೆ ಸಡಿಲವಾಗತೊಡಗಿದ್ದು 1982ರಲ್ಲಿ. ಗುದನಾಳವನ್ನು ಸುತ್ತಿರುವ ಕೊಬ್ಬಿನ ಕವಚವಾದ ಮೆಸೊರೆಕ್ಟಮ್‌ನಲ್ಲಿ ಗಡ್ಡೆಯ ತುಣುಕುಗಳು ಉಳಿದುಬಿಡುತ್ತವೆ, ಆ ಕವಚವನ್ನು ಹರಿಯದಂತೆ ಇಡಿಯಾಗಿ ತೆಗೆಯಬೇಕು ಎಂದು ಶಸ್ತ್ರವೈದ್ಯ ಬಿಲ್ ಹೀಲ್ಡ್ ವಾದಿಸಿದರು. ಅದಕ್ಕೆ ಪೆಥಾಲಜಿಯ ಆಧಾರ ಸಿಕ್ಕಿದ್ದು 1986ರಲ್ಲಿ, ಲೀಡ್ಸ್‌ನ ಫಿಲಿಪ್ ಕ್ವಿರ್ಕ್ ಮತ್ತು ಸಂಗಡಿಗರ ಅಧ್ಯಯನದಿಂದ. ಅಲ್ಲಿಯವರೆಗೆ ಕರುಳನ್ನು ಉದ್ದಕ್ಕೆ ಬಿಡಿಸಿ, ಮೇಲಿನ ಮತ್ತು ಕೆಳಗಿನ ತುದಿ ಗಡ್ಡೆಯಿಂದ ಎಷ್ಟು ದೂರವಿದೆ ಎಂದು ಅಳೆಯುವುದೇ ರೂಢಿ. ಪಕ್ಕದ ಅಂಚನ್ನು ನೋಡುವವರು ವಿರಳ. ಈ ತಂಡ 52 ರೋಗಿಗಳ ಗುದನಾಳವನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಪೂರ್ತಿ ಅಡ್ಡಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿತು. 14 ಮಂದಿಯಲ್ಲಿ ಗಡ್ಡೆ ಪಕ್ಕದ ಅಂಚಿಗೆ ತಲುಪಿತ್ತು. ಆ 14ರಲ್ಲಿ 12 ಮಂದಿಗೆ ಅದೇ ಜಾಗದಲ್ಲಿ ರೋಗ ಮರುಕಳಿಸಿತು. ಈ ಕ್ಷೇತ್ರದಲ್ಲಿ ಇಷ್ಟು ನಿಚ್ಚಳ ಫಲಿತಾಂಶ ಕೊಟ್ಟ ಮಾರ್ಕರ್ ವಿರಳ. ಅದಕ್ಕೆ ಬೇಕಾಗಿದ್ದು ಚಾಕು, ಇಂಕು, ಅಳತೆಪಟ್ಟಿ ಮತ್ತು ಪುರುಸೊತ್ತು.

ಆ ಕೆಲಸದ ಕ್ರಮವನ್ನು ವಿವರವಾಗಿ ನೋಡಬೇಕು, ಏಕೆಂದರೆ ಅಂಕಿ ಕೆಡುವುದು ಇಲ್ಲಿಯೇ. ಸ್ಪೆಸಿಮನ್ (ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳಿನ ಭಾಗ) ಹಸಿಯಾಗಿರುವಾಗಲೇ ಮುಂದಿನಿಂದ, ಹಿಂದಿನಿಂದ ಫೋಟೊ ತೆಗೆಯಬೇಕು. ಪೆರಿಟೋನಿಯಮ್ (ಹೊಟ್ಟೆಯೊಳಗಿನ ತೆಳುಪೊರೆ) ಹೊದಿಕೆಯಿಲ್ಲದ ಮೇಲ್ಮೈಗೆ ಮಾತ್ರ ಇಂಕು ಹಚ್ಚಬೇಕು. ಹೊದಿಕೆಯಿರುವ ಭಾಗ ಶಸ್ತ್ರವೈದ್ಯರು ಕೊಯ್ದ ಅಂಚಲ್ಲ. ಮುಂಭಾಗದಿಂದ ಕರುಳನ್ನು ಬಿಡಿಸುತ್ತಾ ಬಂದು ಗಡ್ಡೆಗೆ ಸ್ವಲ್ಪ ಮೇಲೆಯೇ ನಿಲ್ಲಿಸಬೇಕು. ಗಡ್ಡೆಯಿರುವ ಭಾಗವನ್ನು ಬಿಡಿಸದೆ, ಅದರೊಳಕ್ಕೆ ಅಂಗಾಂಶವನ್ನು ಗಟ್ಟಿಮಾಡುವ ದ್ರಾವಣವಾದ ಫಾರ್ಮಲಿನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯ ಬತ್ತಿ ತೂರಿಸಬೇಕು. ಆಮೇಲೆ ಸ್ಪೆಸಿಮನ್‌ನ ಹತ್ತು ಪಟ್ಟು ಗಾತ್ರದ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಕನಿಷ್ಠ 48 ಗಂಟೆ ಇಡಬೇಕು. ಅವಸರಪಟ್ಟು ಬೇಗ ಕೊಯ್ದರೆ ಮೆತ್ತಗಿನ ಕೊಬ್ಬು ಚಾಕುವಿನಡಿ ಜಾರಿ ಅಳತೆ ತಪ್ಪುತ್ತದೆ. ಒದ್ದೆ ಮೇಲ್ಮೈಗೆ ಇಂಕು ಹಚ್ಚಿದರೆ ಅದು ಬಿರುಕಿನೊಳಕ್ಕೆ ಹರಿದು, ಇಲ್ಲದ ಅಂಚನ್ನು ತೋರಿಸುತ್ತದೆ. ಗಟ್ಟಿಯಾದ ಮೇಲೆ 3ರಿಂದ 5 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಅಡ್ಡಕ್ಕೆ ಕೊಯ್ದು, ಸಾಲಾಗಿ ಜೋಡಿಸಿ, ಮತ್ತೆ ಫೋಟೊ ತೆಗೆಯಬೇಕು. ಗಡ್ಡೆ ಅಂಚಿಗೆ ಅತಿ ಹತ್ತಿರ ಬಂದಿರುವ ಜಾಗದಿಂದ ಬ್ಲಾಕ್ (ಸೂಕ್ಷ್ಮದರ್ಶಕದಲ್ಲಿ ನೋಡಲು ಮೇಣದಲ್ಲಿ ಹುದುಗಿಸುವ ತುಣುಕು) ತೆಗೆಯಲೇಬೇಕು. ಅಂತರ 1 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಂಚು ಪಾಸಿಟಿವ್. ‘ಅಂಚು ಮುಕ್ತ’ ಎಂದಷ್ಟೇ ಬರೆಯುವ ಬದಲು ಮಿಲಿಮೀಟರಿನಲ್ಲಿ ಬರೆದರೆ ಮುಂದೆ ಓದುವವರಿಗೆ ಉಪಕಾರ, 2 ಮಿ.ಮೀ. ಒಳಗಿದ್ದರೂ ಅಪಾಯ ಹೆಚ್ಚೆಂದು ಡಚ್ ಅಧ್ಯಯನವೊಂದು 2002ರಲ್ಲಿ ತೋರಿಸಿತ್ತು.

ಕವಚ ಎಷ್ಟು ಅಖಂಡವಾಗಿದೆ ಎಂದು ಬರಿಗಣ್ಣಿನಲ್ಲಿ ನೋಡಿ ದರ್ಜೆ ಕೊಡುವ ಪದ್ಧತಿಯೂ ಇದರ ಬೆನ್ನಿಗೇ ಬಂತು. 2009ರಲ್ಲಿ ಪ್ರಕಟವಾದ ಸಿಆರ್07 ಟ್ರಯಲ್‌ನಲ್ಲಿ, ಕವಚ ಪೂರ್ತಿ ಉಳಿದಿದ್ದವರಲ್ಲಿ ಮೂರು ವರ್ಷದೊಳಗೆ ಅದೇ ಜಾಗದಲ್ಲಿ ರೋಗ ಮರುಕಳಿಸಿದ್ದು 4%. ಸ್ವಲ್ಪ ಹರಿದಿದ್ದವರಲ್ಲಿ 7%, ಸ್ನಾಯುವಿನವರೆಗೆ ಹರಿದಿದ್ದವರಲ್ಲಿ 13%.

ಇದೇ ಅವಧಿಯಲ್ಲಿ ಇನ್ನೊಂದು ಪ್ರವಾಹವೂ ಹರಿಯುತ್ತಿತ್ತು. ಗಡ್ಡೆಯ ಕೋಶಗಳಲ್ಲಿ ಪಿ53, ಕೆಐ-67ರಂಥ ಪ್ರೋಟೀನುಗಳನ್ನು ಬಣ್ಣದಿಂದ ತೋರಿಸುವ ಆ್ಯಂಟಿಬಾಡಿಗಳು ಒಂದರ ಹಿಂದೊಂದು ಬಂದವು; ಪ್ರತಿಯೊಂದಕ್ಕೂ ಪರವಾಗಿ ಒಂದಿಷ್ಟು ಪ್ರಬಂಧ, ವಿರುದ್ಧವಾಗಿ ಒಂದಿಷ್ಟು. 1998ರಲ್ಲಿ ಟಿಶ್ಯೂ ಮೈಕ್ರೊಅರೇ ಬಂದು, 0.6 ಮಿ.ಮೀ. ಅಗಲದ ನೂರಾರು ತುಣುಕುಗಳನ್ನು ಒಂದೇ ಸ್ಲೈಡಿನಲ್ಲಿ ನೋಡುವಂತಾಯಿತು. ವೇಗವೇನೋ ಹೆಚ್ಚಿತು. ಆದರೆ ಅಷ್ಟು ಸಣ್ಣ ತುಣುಕು ಗಡ್ಡೆಯ ನಡುವಿನದೋ ಮುನ್ನುಗ್ಗುವ ಅಂಚಿನದೋ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಎಷ್ಟು ಕೋಶಗಳಿಗೆ ಬಣ್ಣ ಹಿಡಿದರೆ ಪಾಸಿಟಿವ್ ಎಂಬ ಗೆರೆ ಪ್ರಬಂಧದಿಂದ ಪ್ರಬಂಧಕ್ಕೆ ಬೇರೆ. ದೊಡ್ಡ ಕರುಳಿನ ಮತ್ತು ಗುದನಾಳದ ಗಡ್ಡೆಗಳನ್ನು ಒಟ್ಟಿಗೆ ಎಣಿಸಿದ್ದೂ ಉಂಟು. ಇಂಥ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂಬ ರಿಮಾರ್ಕ್ ಸೂಚನೆಗಳು ಬಂದದ್ದು 2005ರಲ್ಲಿ. ಅಷ್ಟರಲ್ಲಿ ರಾಶಿ ಬೆಳೆದಾಗಿತ್ತು.

ನಿಂತದ್ದು ಸಾಧಾರಣ ಎಚ್-ಇ (ಹೆಮಟಾಕ್ಸಿಲಿನ್-ಇಯೋಸಿನ್ ಬಣ್ಣದ) ಸ್ಲೈಡಿನಲ್ಲೇ ಕಾಣುವ ಲಕ್ಷಣಗಳು. ಗೋಡೆಯಾಚೆಯ ಅಭಿಧಮನಿಗೆ ಗಡ್ಡೆ ನುಗ್ಗಿರುವುದು ಅಂಥದ್ದೊಂದು. ಜೊತೆಯ ಅಭಿಧಮನಿ ಕಾಣದೆ ಅಪಧಮನಿ ಒಂಟಿಯಾಗಿದ್ದು, ಪಕ್ಕದಲ್ಲಿ ಗಡ್ಡೆಯ ದುಂಡು ಗೂಡಿದ್ದರೆ ರಕ್ತನಾಳದ ಗೋಡೆಯ ಎಳೆಗಳನ್ನು ತೋರಿಸುವ ಎಲಾಸ್ಟಿಕ್ ಬಣ್ಣ ಹಾಕಿ ನೋಡಬೇಕು. ಎಚ್-ಇ ಒಂದರಲ್ಲೇ ನೋಡಿದರೆ ಎಷ್ಟೋ ತಪ್ಪಿಹೋಗುತ್ತವೆ. ಬಡ್ಡಿಂಗ್‌ಗೆ 2016ರಲ್ಲಿ ಬರ್ನ್‌ನಲ್ಲಿ ಒಮ್ಮತ ಮೂಡಿತು: ಅತಿ ದಟ್ಟವಾದ 0.785 ಚದರ ಮಿ.ಮೀ. ಜಾಗದಲ್ಲಿ ಒಂಟಿ ಕೋಶಗಳನ್ನೂ ನಾಲ್ಕು ಕೋಶಗಳವರೆಗಿನ ಗುಂಪುಗಳನ್ನೂ ಎಣಿಸಬೇಕು. 4ರವರೆಗೆ ಕಡಿಮೆ, 5ರಿಂದ 9 ಮಧ್ಯಮ, 10 ಅಥವಾ ಮೇಲ್ಪಟ್ಟರೆ ಹೆಚ್ಚು.

ಎಲ್ಲವನ್ನೂ ಕಲಕಿದ್ದು ಚಿಕಿತ್ಸೆಯ ಕ್ರಮ ಬದಲಾದದ್ದು. ಕಿಮೋ ಮತ್ತು ವಿಕಿರಣ ಶಸ್ತ್ರಚಿಕಿತ್ಸೆಗೆ ಮೊದಲೇ ಕೊಟ್ಟರೆ ಒಳ್ಳೆಯದೆಂದು 2004ರ ಜರ್ಮನ್ ಟ್ರಯಲ್ ತೋರಿಸಿದ ಮೇಲೆ, ಪೆಥಾಲಜಿಸ್ಟರ ಮೇಜಿಗೆ ಬರುವುದು ಆಗಲೇ ಚಿಕಿತ್ಸೆಯಲ್ಲಿ ಬೆಂದ ಅಂಗಾಂಶ. ಗಡ್ಡೆ ಚೂರುಚೂರಾಗಿ ಉಳಿದಿರುವುದರಿಂದ ಬಡ್ಡಿಂಗ್ ಎಣಿಕೆಗೆ ಮೊದಲಿನ ಅರ್ಥವಿಲ್ಲ. ದುಗ್ಧಗ್ರಂಥಿಗಳು ಕುಗ್ಗಿ, ಎಷ್ಟು ಹುಡುಕಿದರೂ ರೂಢಿಯ 12 ಸಿಗದೇ ಹೋಗಬಹುದು. ಗಡ್ಡೆ ಕಾಣದಿದ್ದರೆ ಅದಿದ್ದ ಜಾಗದ ಗಾಯದ ಕಲೆಯನ್ನೆಲ್ಲ ಬ್ಲಾಕ್ ಮಾಡಿ, ಪ್ರತಿ ಬ್ಲಾಕಿನಲ್ಲೂ ಇನ್ನಷ್ಟು ಆಳದ ಸೀಳುಗಳನ್ನು ನೋಡಿದ ಮೇಲಷ್ಟೇ ‘ಪೂರ್ಣ ಸ್ಪಂದನೆ’ ಎನ್ನಬೇಕು. ಕೋಶಗಳಿಲ್ಲದ ಬರೀ ಲೋಳೆಯ ಮಡುವನ್ನು ಉಳಿದ ಗಡ್ಡೆಯೆಂದು ಎಣಿಸುವಂತಿಲ್ಲ. ಇನ್ನು ಸ್ಪಂದನೆಯ ದರ್ಜೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ: ಮ್ಯಾಂಡಾರ್ಡ್ ಪದ್ಧತಿಯಲ್ಲಿ ಗಡ್ಡೆ ಪೂರ್ತಿ ಹೋಗಿದ್ದರೆ 1, ಡ್ವೋರಾಕ್‌ನಲ್ಲಿ ಅದೇ 4. ಯಾವ ಪದ್ಧತಿಯೆಂದು ಬರೆಯದ ಟಿಆರ್‌ಜಿ ಅಂಕಿಯನ್ನು ನಂಬಿ ಮುಂದುವರಿಯುವುದು ಅಪಾಯ.

ಹಾಗಾಗಿ ಮೊದಲ ಬಯಾಪ್ಸಿಯ ಚೂರುಗಳಿಗೆ ಈಗ ಹಿಂದೆಂದೂ ಇಲ್ಲದ ತೂಕ. ಗಡ್ಡೆ ಕರಗಿದವರಿಗೆ ಶಸ್ತ್ರಚಿಕಿತ್ಸೆ ಮಾಡದೆ ಕಾದು ನೋಡುವುದೂ ಇರುವುದರಿಂದ ಕೆಲವರಲ್ಲಿ ಸಿಗುವ ಅಂಗಾಂಶವೇ ಅಷ್ಟು. ಎಂಎಂಆರ್ ಕೊರತೆಯಿದ್ದ ಗುದನಾಳದ ಗಡ್ಡೆಗಳಿಗೆ ಡೋಸ್ಟಾರ್ಲಿಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಒಂದನ್ನೇ ಕೊಟ್ಟಾಗ, 2022ರಲ್ಲಿ ವರದಿಯಾದ ಮೊದಲ 12 ಮಂದಿಯಲ್ಲೂ ಗಡ್ಡೆ ಕಾಣದಂತಾಯಿತು. ಆದ್ದರಿಂದ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಎಂಎಂಆರ್ ಪ್ರೋಟೀನುಗಳ ಪರೀಕ್ಷೆಯನ್ನು ಚಿಕಿತ್ಸೆಗೆ ಮುಂಚೆಯೇ ಮಾಡಬೇಕು. ಕಿಮೋ-ವಿಕಿರಣದ ನಂತರ ಎಂಎಸ್‌ಎಚ್6 ಬಣ್ಣ ಮಸುಕಾಗಿ, ಇಲ್ಲದ ಕೊರತೆ ಇರುವಂತೆ ತೋರಬಹುದು. ಸ್ಲೈಡ್ ನೋಡುವಾಗ ಮೊದಲು ಗಮನಿಸಬೇಕಾದದ್ದು ಗಡ್ಡೆಯನ್ನಲ್ಲ, ಪಕ್ಕದ ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ನ್ಯೂಕ್ಲಿಯಸ್ಸನ್ನು. ಅದಕ್ಕೇ ಬಣ್ಣ ಹಿಡಿಯದಿದ್ದರೆ ‘ಪ್ರೋಟೀನ್ ಇಲ್ಲ’ ಎಂದು ಬರೆಯದೆ, ಇನ್ನೊಂದು ಬ್ಲಾಕಿನ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡಬೇಕು.