ಕೆರಾಟಿನ್ ಮಾಡಿಸಿದ ಕೂದಲು ಎಕ್ಸ್‌ಟೆನ್ಷನ್ ಭಾರ ತಡೆಯುತ್ತದೆಯೇ?

ಪ್ರಶ್ನೆ: ನನ್ನದು ತೆಳ್ಳಗಿನ ಗುಂಗುರು ಕೂದಲು. ಕೆರಾಟಿನ್ ಮಾಡಿಸಿ ನೇರ ಮಾಡಿಕೊಂಡು, ಉದ್ದಕ್ಕೆ ಎಕ್ಸ್‌ಟೆನ್ಷನ್ ಹಾಕಿಸಬೇಕೆಂದಿದ್ದೇನೆ. ಕೆರಾಟಿನ್‌ನಿಂದ ಕೂದಲಿಗೆ ಪೋಷಣೆ ಸಿಕ್ಕಿ ಗಟ್ಟಿಯಾಗುತ್ತದಲ್ಲ, ಹಾಗಾಗಿ ಭಾರ ತಡೆಯುತ್ತದೆ ಅಲ್ಲವೇ? ಎರಡನ್ನೂ ಒಂದೇ ದಿನ ಮಾಡಿಸಬಹುದೇ?

ಒಂದೇ ದಿನ ಬೇಡ. ಮೊದಲು ನೇರ ಮಾಡಿಸಿ, ಕನಿಷ್ಠ ಎರಡು ವಾರ ಕಾದು, ಕೂದಲು ಉದುರುತ್ತಿಲ್ಲ, ನೆತ್ತಿ ಉರಿಯುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಎಕ್ಸ್‌ಟೆನ್ಷನ್. ಉಲ್ಟಾ ಮಾಡುವಂತಿಲ್ಲ. ಉತ್ತರ ಇಷ್ಟೇ. ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಒಂದು ರಬ್ಬರ್ ಸ್ಟಾಂಪ್ ಮಾಡಿಸಿಟ್ಟುಕೊಂಡರೆ ವಾಸಿ.

ಆದರೆ ಪ್ರಶ್ನೆಯ ನಡುವೆ ಒಂದು ಮಾತು ನುಸುಳಿದೆ ನೋಡಿ: "ಪೋಷಣೆ ಸಿಕ್ಕಿ ಗಟ್ಟಿಯಾಗುತ್ತದಲ್ಲ". ಇದನ್ನು ಹಾಗೇ ಬಿಟ್ಟು ಮುಂದೆ ಹೋಗಲು ನನ್ನಿಂದಾಗದು.

ಕೂದಲಿಗೆ ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಹೊರಗೆ ಬಂದ ಎಳೆ ಉಗುರಿನಂತೆ. ರಕ್ತವಿಲ್ಲ, ನರವಿಲ್ಲ, ಕತ್ತರಿಸಿದರೆ ನೋವಿಲ್ಲ. ಅದಕ್ಕೆ ಪೋಷಣೆ ಕೊಡುತ್ತೇವೆ ಎನ್ನುವುದು ಗೋಡೆಯ ಮೇಲಿನ ಫೋಟೊಗೆ ಊಟ ಬಡಿಸಿದ ಹಾಗೆ. ಕೂದಲು ಬಹುಪಾಲು ಕೆರಾಟಿನ್ ಎಂಬ ಪ್ರೋಟೀನೇ ಹೌದು. ಸುಳ್ಳು ಚಿಗುರುವುದೂ ಈ ನಿಜದ ಪಕ್ಕದಲ್ಲೇ: ಕೂದಲಲ್ಲಿರುವುದು ಕೆರಾಟಿನ್, ಬಾಟಲಿಯಲ್ಲಿರುವುದೂ ಕೆರಾಟಿನ್, ಹಾಗಾದರೆ ಹಚ್ಚಿದ್ದೆಲ್ಲ ಒಳಗೆ ಹೋಗಿ ಸೇರಿಕೊಳ್ಳುತ್ತದೆ! ಇಟ್ಟಿಗೆ ಪುಡಿಯನ್ನು ಗೋಡೆಗೆ ಸವರಿದರೆ ಗೋಡೆ ದಪ್ಪವಾಗುತ್ತದೆಯೇ? ಬಾಟಲಿಯಲ್ಲಿರುವುದು ಒಡೆದು ಚೂರು ಮಾಡಿದ ಕೆರಾಟಿನ್. ತೀರ ಸಣ್ಣ ಚೂರುಗಳು ಸ್ವಲ್ಪ ಒಳಗಿಳಿಯುತ್ತವೆ, ಮಿಕ್ಕವು ಮೇಲೆ ತೆಳುವಾದ ಪದರವಾಗಿ ಕೂರುತ್ತವೆ, ತೊಳೆಯುತ್ತ ತೊಳೆಯುತ್ತ ಹೋಗುತ್ತವೆ.

ಹಾಗಾದರೆ ಗುಂಗುರು ನೇರವಾಗಿದ್ದು ಹೇಗೆ? ಬಾಟಲಿಯ ಇನ್ನೊಂದು ವಸ್ತುವಿನಿಂದ. ಹಳೆಯ ಮಾದರಿಯ ಕೆರಾಟಿನ್ ಟ್ರೀಟ್‌ಮೆಂಟ್‌ಗಳಲ್ಲಿ ಅದು ಫಾರ್ಮಾಲ್ಡಿಹೈಡ್. ಶಾಲೆಯ ಲ್ಯಾಬಿನಲ್ಲಿ ಗಾಜಿನ ಜಾಡಿಯೊಳಗೆ ಕಪ್ಪೆ ಇಡುತ್ತಿದ್ದರಲ್ಲ, ಆ ಫಾರ್ಮಲಿನ್ ಇದರದೇ ದ್ರಾವಣ. ಅದು ಪ್ರೋಟೀನಿನ ಎಳೆಗಳ ನಡುವೆ ಅಡ್ಡಕೊಂಡಿ ಹಾಕುತ್ತದೆ. 200 ಡಿಗ್ರಿ ಸೆಲ್ಸಿಯಸ್ ದಾಟಿದ ಐರನ್ ಮಷೀನು ಎಳೆಯನ್ನು ಹೇಗೆ ಹಿಡಿದಿತ್ತೋ, ಕೂದಲು ಹಾಗೇ ಸೆಟೆದು ನಿಲ್ಲುತ್ತದೆ. ಜಾಡಿಯ ಕಪ್ಪೆಯೂ ಸೆಟೆದೇ ಇತ್ತು. ಅದನ್ನು ನೋಡಿ ಯಾರೂ ಗಟ್ಟಿಮುಟ್ಟಾಗಿದೆ ಅನ್ನಲಿಲ್ಲ.

"ನಾನು ಮಾಡಿಸಿದ್ದು ಫಾರ್ಮಾಲ್ಡಿಹೈಡ್ ಇಲ್ಲದ್ದು" ಎಂದು ತಕ್ಷಣ ಬರೆಯುವವರಿದ್ದೀರಿ. ಲೇಬಲ್ಲಿನ ಹಿಂಬದಿ ಓದಿ. ಮೀಥೈಲೀನ್ ಗ್ಲೈಕಾಲ್ ಎಂದಿದ್ದರೆ ಅದು ನೀರಲ್ಲಿ ಕರಗಿದ ಫಾರ್ಮಾಲ್ಡಿಹೈಡೇ. ಬಿಸಿ ತಾಗಿದೊಡನೆ ಅನಿಲವಾಗಿ ಹೊರಬರುತ್ತದೆ, ಕಣ್ಣು ಮೂಗು ಉರಿಯುವುದು ಅದಕ್ಕೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಗ್ಲೈಆಕ್ಸಿಲಿಕ್ ಆಸಿಡ್ ಎಂದಿದ್ದರೆ ಅದರ ಕಥೆ ಬೇರೆ. ಅಂಥ ಕ್ರೀಮಿನಿಂದ ಕೂದಲು ನೇರ ಮಾಡಿಸಿಕೊಂಡಾಗಲೆಲ್ಲ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಒಬ್ಬ ಯುವತಿಯ ಪ್ರಕರಣವನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದರು. ಇದಕ್ಕೂ ಪೋಷಣೆಗೂ ಏನು ಸಂಬಂಧ, ನೀವೇ ಹೇಳಿ.

ಹಾಗಿದ್ದೂ ಕೈಗೆ ನಯವಾಗಿ, ಗಟ್ಟಿಯಾಗಿ ಸಿಗುತ್ತದಲ್ಲ? ಸಿಗುತ್ತದೆ, ಮೇಲಿನ ಪದರ ಮತ್ತು ಸಿಲಿಕೋನಿನ ದೆಸೆಯಿಂದ. ಹೊಳಪು ಬೇರೆ, ಬಲ ಬೇರೆ. ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆ ಮೊದಲ ದಿನವೇ ಒಂದು ಕೆಲಸ ಕೊಡುತ್ತೇನೆ. ಬಾಚಣಿಗೆಗೆ ಬಂದ ಒಂದೇ ಎಳೆಯನ್ನು ನೀರಲ್ಲಿ ನೆನೆಸಿ, ಎರಡೂ ತುದಿಯನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯಬೇಕು. ಆರೋಗ್ಯದ ಎಳೆ ತನ್ನ ಉದ್ದದ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗಿ, ಬಿಟ್ಟೊಡನೆ ಹಿಂದಕ್ಕೆ ಬರುತ್ತದೆ. ಬೆಂದ ಎಳೆ ಎರಡು ರೀತಿ: ಹಳೇ ಚಡ್ಡಿಯ ಎಲಾಸ್ಟಿಕ್ಕಿನಂತೆ ಹಿಗ್ಗಿ ಹಾಗೇ ಜೋತುಬೀಳುತ್ತದೆ, ಇಲ್ಲವೇ ಹಿಗ್ಗದೆಯೇ ಪಟ್ಟನೆ ತುಂಡಾಗುತ್ತದೆ. ಕಳೆದ ತಂಡದ ಹುಡುಗಿಯೊಬ್ಬಳು ಆಗಷ್ಟೇ ಕೆರಾಟಿನ್ ಮಾಡಿಸಿ ಮಿರಮಿರ ಮಿಂಚುತ್ತಿದ್ದಳು. ತನ್ನ ಎಳೆಯನ್ನು ಎಳೆದಳು, ಪಟ್. ಮತ್ತೊಂದು, ಪಟ್. ಮೂರನೆಯದನ್ನು ಎಳೆಯಲಿಲ್ಲ. ಎಕ್ಸ್‌ಟೆನ್ಷನ್ ಮಾತನ್ನು ಅವಳಾಗಿಯೇ ಕೈಬಿಟ್ಟಳು.

ನೀವು ಪಾರ್ಲರಿಗೆ ಹೋಗುವ ಮುಂಚೆ ಈ ಪರೀಕ್ಷೆ ಮಾಡಿ. ಎಳೆ ಸೋತರೆ ನನಗೆ ಮತ್ತೆ ಬರೆಯುವ ಅಗತ್ಯವೇ ಇಲ್ಲ.

ಕೂದಲು ನೇರ ಮಾಡುವ ಬೇರೆ ದಾರಿಗಳಾದ ರೀಬಾಂಡಿಂಗ್, ರಿಲ್ಯಾಕ್ಸರ್‌ಗಳದು ಇನ್ನೂ ಒರಟು ಕೆಲಸ. ಕೂದಲಿಗೆ ಆಕಾರ ಕೊಡುವ ಗಂಧಕದ ಬಂಧಗಳನ್ನೇ ಅವು ಮುರಿಯುತ್ತವೆ. ರೀಬಾಂಡಿಂಗ್‌ನಲ್ಲಿ ನ್ಯೂಟ್ರಲೈಸರ್ ಹಾಕಿ ಮರಳಿ ಕಟ್ಟುತ್ತಾರೆ, ಕಟ್ಟಿದ್ದು ಮೊದಲಿನಷ್ಟು ಇರುವುದಿಲ್ಲ. ಕಾಸ್ಟಿಕ್ ಸೋಡಾದ ರಿಲ್ಯಾಕ್ಸರ್‌ನಲ್ಲಿ ಹಳೆಯ ಬಂಧ ಮರಳಿ ಕೂಡುವುದೇ ಇಲ್ಲ. ಒಂದನ್ನು ಮಾಡಿಸಿದ ಕೂದಲ ಮೇಲೆ ಇನ್ನೊಂದನ್ನು ಹಾಕಿದರೆ ಕೂದಲು ಕೈಗೇ ಬರುತ್ತದೆ.

ಈಗ ಭಾರದ ಮಾತು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನೇರ ಮಾಡಿಸಿದ ಮೇಲೆ ಬುಡಕ್ಕೆ ಹತ್ತಿರವಾಗಿ ಎಕ್ಸ್‌ಟೆನ್ಷನ್ ಕೂರಿಸಿದಿರಿ ಅನ್ನಿ. ಮೂರು ತಿಂಗಳಲ್ಲಿ ಅದು ಕೆಳಗೆ ಸರಿದು, ಮೇಲೆ ಮೂರು ಸೆಂಟಿಮೀಟರ್ ಹೊಸ ಗುಂಗುರು ಬಂದಿರುತ್ತದೆ. ಹೊಸದೂ ನೇರ ಮಾಡಿದ್ದೂ ಕೂಡುವ ಜಾಗವೇ ಇಡೀ ಎಳೆಯಲ್ಲಿ ತೀರ ದುರ್ಬಲ. ತಲೆತುಂಬ ಹಾಕಿದ ನೂರು ಗ್ರಾಮಿಗೂ ಹೆಚ್ಚಿನ ಕೂದಲು ಹಗಲೂ ರಾತ್ರಿ ಜೋತುಬಿದ್ದಿರುವುದು ಸರಿಯಾಗಿ ಅದರ ಕೆಳಗೆ. ಸಿಕ್ಕಾಗುವುದೂ ಅಲ್ಲೇ, ಬಾಚಣಿಗೆ ಜಗ್ಗುವುದೂ ಅಲ್ಲೇ. ಎಳೆತದಿಂದ ಹಣೆಯಂಚಿನ, ಕಿವಿಮೇಲಿನ ಕೂದಲು ಹೋಗುವುದು ಹೊಸ ಕಾಯಿಲೆಯಲ್ಲ, ಬಿಗಿಯಾಗಿ ಎಳೆದು ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಅದನ್ನು 1907ರಲ್ಲೇ ಗುರುತಿಸಿದ್ದರು. ಕೇಪ್‌ಟೌನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ, ರಿಲ್ಯಾಕ್ಸ್ ಮಾಡಿದ ಕೂದಲಿಗೆ ಎಳೆತವೂ ಸೇರಿದಾಗ ಅಪಾಯ ಎಲ್ಲಕ್ಕಿಂತ ಹೆಚ್ಚು ಎಂದು ಕಂಡುಬಂತು.

ಮೊದಲು ಎಕ್ಸ್‌ಟೆನ್ಷನ್, ಆಮೇಲೆ ಸ್ಟ್ರೇಟನಿಂಗ್ ಯಾಕೆ ಕೂಡದು ಅಂದರೆ, ಅಂಟು ಬಿಡುತ್ತದೆ. ಜೊತೆಗೆ ಕೂರಿಸಿದ ಜಾಗದಲ್ಲಿ ಸಿಕ್ಕಿಕೊಂಡ ರಾಸಾಯನಿಕ ತೊಳೆದರೂ ಹೋಗದೆ ಬುಡವನ್ನೇ ಬೇಯಿಸುತ್ತದೆ. ಕೆರಾಟಿನ್ ಆದ ಮರುದಿನವೇ ಟೇಪ್ (ಅಂಟುಪಟ್ಟಿಯಿಂದ ಕೂರಿಸುವ ಎಕ್ಸ್‌ಟೆನ್ಷನ್) ಹಾಕಿಸಿದರೂ ಕಷ್ಟ, ಮೇಲಿನ ಜಾರುವ ಪದರಕ್ಕೆ ಟೇಪು ಹಿಡಿಯದು.

ನನ್ನನ್ನು ಕೇಳಿದರೆ ನಿಮಗೆ ಎರಡರಲ್ಲಿ ಒಂದೇ ಸಾಕು. ತೆಳ್ಳಗಿನ ಕೂದಲು ದಪ್ಪ ಕಾಣುವುದು ಗುಂಗುರಿನಿಂದಲೇ. ಕಾಸು ಕೊಟ್ಟು ಆ ದಪ್ಪವನ್ನು ಕಳೆದುಕೊಂಡು, ಮತ್ತೆ ಕಾಸು ಕೊಟ್ಟು ಬೇರೆಯವರ ಕೂದಲಿನಿಂದ ತುಂಬಿಸಿಕೊಳ್ಳುವುದು ಯಾವ ಲೆಕ್ಕ? ನಿಮ್ಮ ಗುಂಗುರಿಗೆ ಹೊಂದುವ ಎಕ್ಸ್‌ಟೆನ್ಷನ್ ಸಿಗುತ್ತದೆ. ಕ್ಲಿಪ್ ಹಾಕುವಂಥದ್ದಾದರೆ ರಾತ್ರಿ ತೆಗೆದಿಡಬಹುದು, ಬುಡಕ್ಕೂ ಬಿಡುವು.

ಹಾಗೆಂದ ಕೂಡಲೇ, ನೀವು ಕೇಳದಿದ್ದರೂ ಇನ್ನೊಂದು ಪ್ರಶ್ನೆ ಹೊಳೆಯಿತು: ಎಕ್ಸ್‌ಟೆನ್ಷನ್ ಕೂದಲನ್ನೇ ರಾಸಾಯನಿಕ ಹಾಕಿ ನೇರ ಮಾಡಬಹುದೇ? ಅದರ ಪೂರ್ವಾಪರ ನಿಮಗೆ ಗೊತ್ತಿಲ್ಲ. ಅಗ್ಗದ ಮಾಲಾದರೆ ಆಸಿಡ್ಡಿನಲ್ಲಿ ಅದ್ದಿ ಮೇಲಿನ ಹುರುಪೆ ತೆಗೆದು, ಸಿಲಿಕೋನ್ ಬಳಿದಿರುತ್ತಾರೆ. ರೀಬಾಂಡಿಂಗ್ ಕ್ರೀಮು ಬಿದ್ದರೆ ಹತ್ತಿಯಂತಾಗುತ್ತದೆ. ಸಿಂಥೆಟಿಕ್ ಆದರೆ ಅದರಲ್ಲಿ ಕೆರಾಟಿನ್ನೇ ಇಲ್ಲ, ಮುರಿಯಲು ಬಂಧವೂ ಇಲ್ಲ. ಯಾವುದೆಂದು ತಿಳಿಯದಿದ್ದರೆ ಎರಡು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿ. ನಿಜವಾದ ಕೂದಲು ಸುಟ್ಟ ಗರಿಯ ವಾಸನೆ ಹೊಡೆದು, ಮುಟ್ಟಿದರೆ ಪುಡಿಯಾಗುವ ಬೂದಿಯಾಗುತ್ತದೆ. ಕರಗಿ ಗಟ್ಟಿಯಾದ ಕಪ್ಪು ಮಣಿ ಸಿಕ್ಕಿತೋ, ಐರನ್ ಮಷೀನನ್ನು ಅದರ ಹತ್ತಿರಕ್ಕೂ ತರಬೇಡಿ.