ಹಳೇ ಯುದ್ಧವಿಮಾನಕ್ಕೆ ಎನ್‌ಒಸಿ ಕೊಡೋರು ಯಾರು?

ಪ್ರಶ್ನೆ: ಅರ್ಜೆಂಟೀನಾದವರು ಡೆನ್ಮಾರ್ಕ್‌ನಿಂದ ಸೆಕೆಂಡ್ ಹ್ಯಾಂಡ್ ಎಫ್-16 ತಗೊಂಡರು ಅಂತ ಓದಿದೆ. ಅದಕ್ಕೆ ಅಮೆರಿಕ ಒಪ್ಪಬೇಕಿತ್ತಂತೆ, ಬ್ರಿಟನ್ ಯಾವಾಗಲೂ ಅಡ್ಡಗಾಲು ಹಾಕುತ್ತಂತೆ, ನಡುವೆ ಚೀನಾ ಬೇರೆ. ಮಾರೋರು ಒಬ್ಬರು, ಕೊಳ್ಳೋರು ಒಬ್ಬರು. ದುಡ್ಡು ಕೊಟ್ಟು ಹಾರಿಸಿಕೊಂಡು ಬಂದರೆ ಆಯ್ತಲ್ವಾ? ಹಳೇ ವಿಮಾನಕ್ಕೂ ಇಷ್ಟೊಂದು ರಾಜಕೀಯ ಯಾಕೆ?

ಹಳೇ ಕಾರು ಕೊಂಡವರಿಗೆ ಇದರ ಅರ್ಧ ಉತ್ತರ ಆಗಲೇ ಗೊತ್ತಿರುತ್ತದೆ. ಕಾರಿನ ಮೇಲೆ ಸಾಲ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ. ಬ್ಯಾಂಕಿನವರು ಎನ್‌ಒಸಿ ಕೊಡುವ ತನಕ ಗಾಡಿ ನಿಮ್ಮ ಹೆಸರಿಗೆ ಬರುವುದಿಲ್ಲ. ಯುದ್ಧವಿಮಾನದ್ದೂ ಇದೇ ಕಥೆ. ಒಂದೇ ವ್ಯತ್ಯಾಸ ಅಂದರೆ, ಇಲ್ಲಿ ಸಾಲ ಪೂರ್ತಿ ತೀರಿದ ಮೇಲೂ ಆರ್‌ಸಿಯಿಂದ ಆ ಹೆಸರು ಹೋಗುವುದಿಲ್ಲ.

ಡೆನ್ಮಾರ್ಕ್ 1980ರಿಂದ ಅಮೆರಿಕದ ಎಫ್-16 ಹಾರಿಸಿದ ದೇಶ. ಪೂರ್ತಿ ದುಡ್ಡು ಕೊಟ್ಟು ಕೊಂಡ ವಿಮಾನಗಳು ಅವು. ಆದರೂ ಇನ್ನೊಬ್ಬರಿಗೆ ಮಾರಬೇಕಾದರೆ ಅಮೆರಿಕದ ಒಪ್ಪಿಗೆ ಬೇಕೇ ಬೇಕು, ಅಲ್ಲಿನ ಕಾನೂನೇ ಹಾಗಿದೆ. ಅಮೆರಿಕದವರು ಮಾತ್ರ ಹೀಗೆ ಅಂದುಕೊಳ್ಳಬೇಡಿ. ಎರಡು ಜರ್ಮನಿಗಳು ಒಂದಾದಾಗ ಪೂರ್ವ ಜರ್ಮನಿಯ ರಷ್ಯನ್ ಮಿಗ್-29ಗಳೂ ಹೊಸ ಮನೆಗೆ ಬಂದವು. ಸಾಕೆನಿಸಿದ ಮೇಲೆ, 2000ದ ದಶಕದ ಆರಂಭದಲ್ಲಿ, ಜರ್ಮನಿಯವರು 22 ವಿಮಾನಗಳನ್ನು ಪಕ್ಕದ ಪೋಲೆಂಡಿಗೆ ತಲಾ 1 ಯೂರೋಗೆ ಕೊಟ್ಟರು. ಬರ್ಲಿನ್‌ನಲ್ಲಿ ಆ ದುಡ್ಡಿಗೆ ಒಂದು ಕಾಫಿ ಸಿಕ್ಕರೆ ಹೆಚ್ಚು. ಇಪ್ಪತ್ತು ವರ್ಷ ಕಳೆದು, 2023ರ ಏಪ್ರಿಲ್‌ನಲ್ಲಿ, ಅದರಲ್ಲಿ 5 ವಿಮಾನಗಳನ್ನು ಉಕ್ರೇನಿಗೆ ಕೊಡಲು ಹೊರಟ ಪೋಲೆಂಡ್ ಮತ್ತೆ ಜರ್ಮನಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಯಿತು. ಅದೇ ದಿನ ಒಪ್ಪಿಗೆ ಸಿಕ್ಕಿತು ಅನ್ನಿ. ಆದರೆ ಕೇಳದೆ ಕೊಡುವಂತಿರಲಿಲ್ಲ.

ಈಗ ಅರ್ಜೆಂಟೀನಾಕ್ಕೆ ಬರೋಣ. ಒಂದು ಎನ್‌ಒಸಿ ಸಿಗದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅವರಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

1982ರ ಏಪ್ರಿಲ್ 2ರಂದು ಅರ್ಜೆಂಟೀನಾ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಸೈನ್ಯ ಇಳಿಸಿತು. ಅವರು ಅದನ್ನು ಮಾಲ್ವಿನಾಸ್ ಅನ್ನುತ್ತಾರೆ. ಬ್ರಿಟನ್ ಜೊತೆ 74 ದಿನ ಯುದ್ಧ ನಡೆಯಿತು. ಅರ್ಜೆಂಟೀನಾದ 649 ಜನ, ಬ್ರಿಟನ್ನಿನ 255 ಜನ ಸೈನಿಕರು ಸತ್ತರು. ಬ್ರಿಟಿಷ್ ಹಡಗುಗಳ ಮೇಲೆ ಸಮುದ್ರದ ಅಲೆ ತಾಗುವಷ್ಟು ಕೆಳಗೆ ಹಾರಿಬಂದು ಬಾಂಬ್ ಹಾಕಿದ ವಿಮಾನಗಳಲ್ಲಿ ಬಹಳಷ್ಟು ಸೆಕೆಂಡ್ ಹ್ಯಾಂಡ್ ಮಾಲೇ ಆಗಿದ್ದವು. ಅಮೆರಿಕದವರು ಬಳಸಿ ಬಿಟ್ಟ ಸ್ಕೈಹಾಕ್, ಇಸ್ರೇಲಿನವರು ಬಳಸಿ ಬಿಟ್ಟ ಡ್ಯಾಗರ್. ಅಲ್ಲಿನ ಮಿಲಿಟರಿ ಆಡಳಿತದ ಕ್ರೌರ್ಯದ ಕಾರಣಕ್ಕೆ ಅಮೆರಿಕ 1978ರಲ್ಲೇ ಶಸ್ತ್ರ ಮಾರುವುದನ್ನು ನಿಲ್ಲಿಸಿತ್ತು. ಹಾಗಾಗಿ ಯುದ್ಧಕ್ಕೆ ಹೋಗುವ ಮುಂಚೆಯೇ ಸ್ಕೈಹಾಕ್‌ಗಳಿಗೆ ಬಿಡಿಭಾಗದ ಬರ.

ಯುದ್ಧ ಮುಗಿದು ನಾಲ್ಕು ದಶಕ ದಾಟಿದರೂ ಬ್ರಿಟನ್ನಿನ ನಿಲುವು ಸಡಿಲವಾಗಿದ್ದು ಸ್ವಲ್ಪವೇ. ಅರ್ಜೆಂಟೀನಾದ ಸೇನೆಯ ಬಲ ಹೆಚ್ಚಿಸುವ ಸಾಮಾನು ಮಾರುವುದಿಲ್ಲ ಅಂದರೆ ಇಲ್ಲ. ಬ್ರಿಟನ್ ವಿಮಾನ ಮಾರದಿದ್ದರೆ ಬೇಡ, ಜಗತ್ತಿನಲ್ಲಿ ಬೇರೆ ಅಂಗಡಿ ಇಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಅರ್ಜೆಂಟೀನಾದವರಿಗೂ ಹಾಗೇ ಅನಿಸಿತು.

ಅವರ ನೌಕಾಪಡೆ ಫ್ರಾನ್ಸ್‌ನಿಂದ 5 ಹಳೇ ಸೂಪರ್ ಎತಾಂದಾರ್ ವಿಮಾನಗಳನ್ನು ಕೊಂಡಿತು. ಫ್ರೆಂಚ್ ನೌಕಾಪಡೆ ಬಳಸಿ ಬಿಟ್ಟವು, ಬೆಲೆ ಸುಮಾರು 1.2 ಕೋಟಿ ಯೂರೋ. ಯುದ್ಧವಿಮಾನದ ಲೆಕ್ಕದಲ್ಲಿ ಇದು ಗುಜರಿ ರೇಟು. 2019ರಲ್ಲಿ ಬಾಹಿಯಾ ಬ್ಲಾಂಕಾ ಹತ್ತಿರದ ನೆಲೆಗೆ ಬಂದವು, ಹ್ಯಾಂಗರ್‌ನಲ್ಲಿ ನಿಂತವು, ನಿಂತೇ ಇದ್ದವು. ಕಾರಣ ಎಂಜಿನ್ ಅಲ್ಲ, ರೆಕ್ಕೆ ಅಲ್ಲ. ಸೀಟು!

ಎಜೆಕ್ಷನ್ ಸೀಟಿನೊಳಗೆ ಮದ್ದು ತುಂಬಿದ ಕಾರ್ಟ್ರಿಜ್‌ಗಳಿರುತ್ತವೆ. ಆಪತ್ತಿನಲ್ಲಿ ಪೈಲಟ್ ಹಿಡಿ ಎಳೆದರೆ ಅವು ಸಿಡಿದು ಸೀಟಿನ ಸಮೇತ ಅವನನ್ನು ಹೊರಗೆ ಚಿಮ್ಮಿಸುತ್ತವೆ. ಮದ್ದು ಅಂದಮೇಲೆ ಅದಕ್ಕೆ ಎಕ್ಸ್‌ಪೈರಿ ಡೇಟ್ ಇರುತ್ತದೆ. ನಮ್ಮ ಗ್ಯಾಸ್ ಸಿಲಿಂಡರಿನ ಪಟ್ಟಿಯ ಮೇಲೆ ಬರೆದಿರುತ್ತಲ್ಲ, ಹಾಗೇ. ದಿನ ಮುಗಿದ ಕಾರ್ಟ್ರಿಜ್ ಇಟ್ಟುಕೊಂಡು ಯಾರೂ ಹಾರುವುದಿಲ್ಲ. ಆ ಸೀಟುಗಳು ಮಾರ್ಟಿನ್-ಬೇಕರ್ ಕಂಪನಿಯವು. ಮಾರ್ಟಿನ್-ಬೇಕರ್ ಎಲ್ಲಿಯದು? ಇಂಗ್ಲೆಂಡಿನದು. ಮುಗೀತು. ಮುಷ್ಟಿಯಲ್ಲಿ ಹಿಡಿಯುವಷ್ಟು ಮದ್ದಿನ ಡಬ್ಬಿ ಸಿಗದೆ ಐದು ವಿಮಾನಗಳು ನೆಲ ಬಿಟ್ಟು ಏಳಲಿಲ್ಲ.

ವಾಯುಪಡೆಯ ಗತಿಯೂ ಅಷ್ಟೇ. ಹಳೇ ಮಿರಾಜ್‌ಗಳು 2015ರಲ್ಲಿ ನಿವೃತ್ತಿಯಾದ ಮೇಲೆ ಶಬ್ದದ ವೇಗ ಮೀರುವ ಒಂದು ಫೈಟರ್ ಕೂಡ ಅವರ ಹತ್ತಿರ ಉಳಿಯಲಿಲ್ಲ. ಸ್ವೀಡನ್ನಿನ ಗ್ರಿಪೆನ್ ವಿಮಾನವನ್ನು ಬ್ರೆಜಿಲ್ ಮೂಲಕ ತರೋಣ ಅಂದರು. ಅದರ ರೇಡಾರ್ ತಯಾರಾಗುವುದು ಬ್ರಿಟನ್ನಿನ ಎಡಿನ್‌ಬರ್ಗ್‌ನಲ್ಲಿ, ಆಗಲಿಲ್ಲ. ದಕ್ಷಿಣ ಕೊರಿಯಾದ ಎಫ್‌ಎ-50 ಕೇಳಿದರು. 2020ರಲ್ಲಿ ಕೊರಿಯಾದ ಕಂಪನಿ ಪತ್ರ ಬರೆದು, ನಮ್ಮ ವಿಮಾನದಲ್ಲಿ 6 ಮುಖ್ಯ ಭಾಗಗಳು ಬ್ರಿಟನ್ನಿನವು, ಕೊಡಲಾಗುವುದಿಲ್ಲ ಎಂದು ತಿಳಿಸಿತು.

ನಮ್ಮ ಬೆಂಗಳೂರಿನ ಬಾಗಿಲನ್ನೂ ಅವರು ತಟ್ಟಿದರು. ತೇಜಸ್ ಬಗ್ಗೆ ಆಸಕ್ತಿ ತೋರಿಸಿದ ದೇಶಗಳ ಹೆಸರನ್ನು 2022ರಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೆ ಕೊಟ್ಟಾಗ ಆ ಪಟ್ಟಿಯಲ್ಲಿ ಅರ್ಜೆಂಟೀನಾ ಇತ್ತು. 2023ರ ಜುಲೈನಲ್ಲಿ ಅಲ್ಲಿನ ರಕ್ಷಣಾ ಸಚಿವ ಹೋರ್ಹೆ ತಾಯಾನಾ ಬೆಂಗಳೂರಿಗೆ ಬಂದು ಎಚ್‌ಎಎಲ್ ನೋಡಿಕೊಂಡೂ ಹೋದರು. ಹೆಲಿಕಾಪ್ಟರ್ ವಿಚಾರದಲ್ಲಿ ಕೊಳ್ಳುವ ಆಸಕ್ತಿ ತೋರಿಸುವ ಒಂದು ಪತ್ರಕ್ಕೆ ಸಹಿ ಬಿತ್ತು. ಫೈಟರ್ ಮಾತು ಮಾತ್ರ ಮುಂದಕ್ಕೆ ಹೋಗಲಿಲ್ಲ. ತೇಜಸ್‌ನಲ್ಲೂ ಮಾರ್ಟಿನ್-ಬೇಕರ್ ಸೀಟೇ ಇದೆ.

ಉಳಿದದ್ದು ಚೀನಾ ಮತ್ತು ಪಾಕಿಸ್ತಾನ ಸೇರಿ ಮಾಡುವ ಜೆಎಫ್-17. ಹೊಸಾ ವಿಮಾನ, ಕಡಿಮೆ ರೇಟು, ಚೀನಾದಿಂದ ಸಾಲವೂ ಸಿಗುತ್ತಿತ್ತು. ಇಲ್ಲಿಗೆ ಅಮೆರಿಕಕ್ಕೆ ನಿದ್ದೆ ಹಾರಿತು. ದಕ್ಷಿಣ ಅಮೆರಿಕವನ್ನು ತನ್ನ ಹಿತ್ತಲು ಅಂದುಕೊಂಡ ದೇಶ ಅದು. ಆ ಹಿತ್ತಲಿಗೆ ಚೀನಾದ ಫೈಟರ್ ಬಂದರೆ ಅದರ ಹಿಂದೆ ಚೀನಾದ ಮೆಕ್ಯಾನಿಕ್, ಚೀನಾದ ಮಿಸೈಲ್, ಚೀನಾದ ತರಬೇತುದಾರರು ಮೂವತ್ತು ವರ್ಷ ಬರುತ್ತಲೇ ಇರುತ್ತಾರೆ. ಅದೇ ಹೊತ್ತಿಗೆ ಡೆನ್ಮಾರ್ಕ್ ಅಮೆರಿಕದ ಹೊಸಾ ಎಫ್-35ಕ್ಕೆ ಬದಲಾಗುತ್ತಿತ್ತು, ಹಳೇ ಎಫ್-16ಗಳು ಖಾಲಿಯಾಗುತ್ತಿದ್ದವು. ಅವುಗಳ ಸೀಟು ಅಮೆರಿಕದ್ದೇ. ಎನ್‌ಒಸಿ ಸರಾಗವಾಗಿ ಬಂತು. ನನ್ನ ಪ್ರಕಾರ ಈ ವ್ಯಾಪಾರ ಕುದುರಿಸಿದ್ದು ಡೆನ್ಮಾರ್ಕ್‌ನ ಉದಾರತೆಯಲ್ಲ, ಚೀನಾದ ಕೊಟೇಶನ್.

2024ರ ಏಪ್ರಿಲ್ 16ರಂದು ಸಹಿ ಆಯಿತು. 24 ವಿಮಾನಕ್ಕೆ ಸುಮಾರು 30 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ 2,500 ಕೋಟಿ ರೂಪಾಯಿ. ಭಾರತ 2025ರಲ್ಲಿ ನೌಕಾಪಡೆಗೆ 26 ಹೊಸಾ ರಫೇಲ್ ಕೊಂಡಿದ್ದು ಸುಮಾರು 63,000 ಕೋಟಿಗೆ. ಅದರಲ್ಲಿ ಶಸ್ತ್ರ, ತರಬೇತಿ, ಬಿಡಿಭಾಗ ಎಲ್ಲ ಸೇರಿದೆ, ನೇರ ಹೋಲಿಕೆ ಸರಿಯಲ್ಲ. ಆದರೂ ನಾವು ಒಂದೊಂದು ರಫೇಲ್‌ಗೆ ಕೊಟ್ಟಷ್ಟರಲ್ಲಿ ಅವರಿಗೆ ಪೂರ್ತಿ 24 ಎಫ್-16 ಬಂತು.

ಅಗ್ಗ ಅನಿಸುತ್ತೆ, ಅಲ್ವಾ? ತಡೆಯಿರಿ. ಆರು ತಿಂಗಳಿಗೆ, ಅಕ್ಟೋಬರ್‌ನಲ್ಲಿ, ಇದೇ ವಿಮಾನಗಳಿಗೆ ಬೇಕಾದ ಶಸ್ತ್ರ, ಬಿಡಿಭಾಗ, ತರಬೇತಿ ಮಾರಲು ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದರಲ್ಲಿ 36 ಆಮ್ರಾಮ್ ಮಿಸೈಲ್‌ಗಳೂ ಇದ್ದವು. ಅಂದಾಜು ಮೊತ್ತ 94.1 ಕೋಟಿ ಡಾಲರ್! ಇದು ಗರಿಷ್ಠ ಅಂದಾಜು, ಪೂರ್ತಿ ಖರ್ಚಾಗಲೇಬೇಕು ಅಂತಿಲ್ಲ. ಆದರೂ ಎಮ್ಮೆಯ ಬೆಲೆಯ ಮೂರು ಪಟ್ಟು ಹಗ್ಗ, ಹಿಂಡಿ, ಕೊಟ್ಟಿಗೆಗೆ.

ಕೊಟ್ಟಿಗೆ ಅಂದದ್ದು ಸುಮ್ನೆ ಅಲ್ಲ. ಎಫ್-16ರ ಫೋಟೋ ನೋಡಿ. ಗಾಳಿ ಎಳೆದುಕೊಳ್ಳುವ ಬಾಯಿ ಹೊಟ್ಟೆಯ ಕೆಳಗೆ, ನೆಲಕ್ಕೆ ಹತ್ತಿರ ಇದೆ. ರನ್‌ವೇ ಮೇಲೆ ಒಂದು ಜಲ್ಲಿ ಚೂರು ಬಿದ್ದಿದ್ದರೂ ವ್ಯಾಕ್ಯೂಮ್ ಕ್ಲೀನರ್ ಹಾಗೆ ಒಳಗೆಳೆದುಕೊಂಡು ಎಂಜಿನ್ ಹಾಳುಮಾಡಿಕೊಳ್ಳುತ್ತದೆ. ಹಾಗಾಗಿ ವಿಮಾನ ಬರುವ ಮುಂಚೆ ರನ್‌ವೇ ರಿಪೇರಿಯೇ ದೊಡ್ಡ ಕೆಲಸವಾಯಿತು. ಆಕಾಶದಲ್ಲೇ ಇಂಧನ ತುಂಬಿಸುವುದು ಇನ್ನೊಂದು ತಲೆನೋವು. ಅರ್ಜೆಂಟೀನಾದ ಕೆಸಿ-130 ಟ್ಯಾಂಕರ್ ಉದ್ದನೆಯ ಪೈಪ್ ಇಳಿಬಿಡುತ್ತದೆ, ಅದರ ತುದಿಯ ಬುಟ್ಟಿಗೆ ಫೈಟರ್ ಬಂದು ಮೂತಿ ಸಿಕ್ಕಿಸಬೇಕು. ಎಫ್-16ಕ್ಕೆ ಆ ಮೂತಿಯೇ ಇಲ್ಲ. ಅದರ ಬೆನ್ನಿನ ರಂಧ್ರಕ್ಕೆ ಮೇಲಿನ ಟ್ಯಾಂಕರ್ ಗಟ್ಟಿ ಕೊಳವೆ ಇಳಿಸಿ ತುಂಬಿಸಬೇಕು. ಅಂಥ ಟ್ಯಾಂಕರ್ ಬೇಕು ಅಂದರೆ ಅದನ್ನೂ ಹೊರಗಿನಿಂದಲೇ ತರಬೇಕು. 2025ರ ಡಿಸೆಂಬರ್‌ನಲ್ಲಿ ಮೊದಲ 6 ವಿಮಾನಗಳು ಬಂದಿಳಿದವು.

ಎನ್‌ಒಸಿ ಸಿಗದೆ ಕೈಸುಟ್ಟುಕೊಂಡವರಲ್ಲಿ ಕ್ರೊಯೇಷಿಯಾವೂ ಇದೆ. 2018ರಲ್ಲಿ ಅವರು ಇಸ್ರೇಲಿನಿಂದ 12 ಹಳೇ ಎಫ್-16 ಆರಿಸಿಕೊಂಡರು. ಇಸ್ರೇಲಿನವರು ಅದಕ್ಕೆ ತಮ್ಮದೇ ಎಲೆಕ್ಟ್ರಾನಿಕ್ಸ್ ತುಂಬಿದ್ದರು, ಕ್ರೊಯೇಷಿಯಾಕ್ಕೆ ಇಷ್ಟವಾಗಿದ್ದೂ ಅದೇ. ಅದೆಲ್ಲ ಬಿಚ್ಚಿ, ಮೊದಲು ಹೇಗಿತ್ತೋ ಹಾಗೆ ಮಾಡಿ ಕೊಡಿ ಎಂದು ಅಮೆರಿಕ ಪಟ್ಟು ಹಿಡಿಯಿತು. 2019ರ ಜನವರಿಯಲ್ಲಿ ವ್ಯವಹಾರ ಮುರಿದುಬಿತ್ತು. ಆಮೇಲೆ ಅವರು ಫ್ರಾನ್ಸ್‌ಗೆ ಹೋಗಿ 12 ಬಳಸಿದ ರಫೇಲ್‌ಗಳನ್ನು ಸುಮಾರು 100 ಕೋಟಿ ಯೂರೋಗೆ ತಂದರು.

ಇಷ್ಟೆಲ್ಲ ಹೊರಗಿನ ರಾಜಕೀಯ. ಮನೆಯೊಳಗಿನದೂ ಕಡಿಮೆಯಿಲ್ಲ. ಅರ್ಜೆಂಟೀನಾದ ಅಧ್ಯಕ್ಷ ಹವಿಯೆರ್ ಮಿಲೇ 2023ರ ಡಿಸೆಂಬರ್‌ನಲ್ಲಿ ಅಧಿಕಾರಕ್ಕೆ ಬಂದ ದಿನವೇ 'ದುಡ್ಡಿಲ್ಲ' ಅಂತ ಘೋಷಿಸಿದವರು. ಎಫ್-16ಕ್ಕೆ ಸಹಿ ಬಿದ್ದ ಸರಿಯಾಗಿ ಒಂದು ವಾರಕ್ಕೆ, ಏಪ್ರಿಲ್ 23ರಂದು, ವಿಶ್ವವಿದ್ಯಾಲಯಗಳ ಅನುದಾನ ಕಡಿತದ ವಿರುದ್ಧ ಲಕ್ಷಾಂತರ ಜನ ಬೀದಿಗಿಳಿದರು. ಇಂಡೋನೇಷ್ಯಾದಲ್ಲಿ ಕತಾರ್‌ನ 12 ಹಳೇ ಮಿರಾಜ್ ಕೊಳ್ಳಲು ಹೊರಟಿದ್ದ ರಕ್ಷಣಾ ಸಚಿವ ಪ್ರಬೋವೊ, 2024ರ ಜನವರಿಯ ಚುನಾವಣಾ ಚರ್ಚೆಯಲ್ಲಿ ಸೆಕೆಂಡ್ ಹ್ಯಾಂಡ್ ಮಾಲಿನ ಬಗ್ಗೆ ಎದುರಾಳಿಗಳಿಂದ ಚೆನ್ನಾಗಿ ಹೇಳಿಸಿಕೊಂಡರು. ವಿಮಾನ ಬರಲಿಲ್ಲ. ಅವರು ಚುನಾವಣೆ ಗೆದ್ದರು!

ನನಗೆ ಎಲ್ಲಕ್ಕಿಂತ ಮಜಾ ಅನಿಸುವುದು ಕೆನಡಾದ ಕಥೆ. ದುಡ್ಡಿದೆ, ಅಮೆರಿಕದ ನೆಂಟಸ್ತಿಕೆಯಿದೆ, ಆದರೂ ಹಳೇ ವಿಮಾನ ಕೊಂಡರು. 2015ರ ಚುನಾವಣೆಯಲ್ಲಿ ಜಸ್ಟಿನ್ ಟ್ರೂಡೊ ಎಫ್-35 ಕೊಳ್ಳುವುದೇ ಇಲ್ಲ ಅಂದರು. ಗೆದ್ದ ಮೇಲೆ ಸದ್ಯಕ್ಕಿರಲಿ ಎಂದು ಬೋಯಿಂಗ್‌ನ 18 ಹೊಸಾ ಸೂಪರ್ ಹಾರ್ನೆಟ್ ಕೊಳ್ಳಲು ಹೊರಟರು. ಅಷ್ಟರಲ್ಲಿ ಅದೇ ಬೋಯಿಂಗ್, ಕೆನಡಾದ ಬೊಂಬಾರ್ಡಿಯರ್ ಕಂಪನಿಯ ಪ್ಯಾಸೆಂಜರ್ ವಿಮಾನದ ಮೇಲೆ ಅಮೆರಿಕದಲ್ಲಿ ದೂರು ಕೊಟ್ಟಿತು. ಅಲ್ಲಿ ಸುಮಾರು ಶೇ 300 ಸುಂಕದ ಮಾತು ಬಂತು. ಸಿಟ್ಟಿಗೆದ್ದ ಕೆನಡಾ 2017ರ ಡಿಸೆಂಬರ್‌ನಲ್ಲಿ ಹೊಸಾ ವಿಮಾನ ಬಿಟ್ಟು ಆಸ್ಟ್ರೇಲಿಯಾದ ಹಳೇ ಹಾರ್ನೆಟ್‌ಗಳನ್ನು ಆರಿಸಿಕೊಂಡಿತು. ತನ್ನ ಬಳಿ ಮುದಿಯಾಗಿದ್ದ ಅದೇ ಮಾದರಿ. ಮರುವರ್ಷ ಅಲ್ಲಿನ ಆಡಿಟರ್ ಜನರಲ್ ಹೇಳಿದ್ದು ಇದು: ನಿಮ್ಮ ಕೊರತೆ ವಿಮಾನದ್ದಲ್ಲ, ಪೈಲಟ್ ಮತ್ತು ಮೆಕ್ಯಾನಿಕ್‌ಗಳದ್ದು. ಎರಡು ವರ್ಷದಲ್ಲಿ 40 ಫೈಟರ್ ಪೈಲಟ್‌ಗಳು ಬಿಟ್ಟು ಹೋಗಿದ್ದರು, ಹೊಸದಾಗಿ ತಯಾರಾದವರು 30 ಮಂದಿ. 2023ರಲ್ಲಿ ಟ್ರೂಡೊ ಸರ್ಕಾರವೇ 88 ಎಫ್-35 ಕೊಳ್ಳುವುದಾಗಿ ಪ್ರಕಟಿಸಿತು.

ಭಾರತವೂ ಈ ಸಂತೆಗೆ ಹೋಗದ ದೇಶವೇನಲ್ಲ. 1979ರಲ್ಲಿ ನಮ್ಮ ಮೊದಲ ಜಾಗ್ವಾರ್‌ಗಳು ಬಂದದ್ದು ಬ್ರಿಟಿಷ್ ವಾಯುಪಡೆಯಿಂದ, ಎರವಲಾಗಿ. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಅವು ತಯಾರಾದವು. ಇವತ್ತು ಜಾಗ್ವಾರ್ ಹಾರಿಸುತ್ತಿರುವವರು ಜಗತ್ತಿನಲ್ಲಿ ನಾವು ಮಾತ್ರ, ಹಾಗಾಗಿ ಬಿಡಿಭಾಗ ಬಿಚ್ಚಿಕೊಳ್ಳಲೆಂದೇ ಫ್ರಾನ್ಸ್‌ನ ನಿವೃತ್ತ ಜಾಗ್ವಾರ್‌ಗಳನ್ನು ತರಿಸಿಕೊಂಡಿದ್ದೇವೆ. ಇಲ್ಲಿ ಗಲಾಟೆ ಕಡಿಮೆ, ಯಾಕಂದರೆ ಮಾರುವವನೂ ತಯಾರಿಸಿದವನೂ ಹೆಚ್ಚುಕಡಿಮೆ ಒಬ್ಬನೇ.

ಕೊನೆಗೆ, ನೀವು ಮುಂದೆ ಕೇಳಬಹುದಾದ ಪ್ರಶ್ನೆಗೂ ಈಗಲೇ ಉತ್ತರಿಸುತ್ತೇನೆ. ತೇಜಸ್‌ನಿಂದ ಬ್ರಿಟಿಷ್ ಸೀಟು ತೆಗೆದು ಬೇರೆ ಹಾಕಿದ್ದರೆ ಅರ್ಜೆಂಟೀನಾಕ್ಕೆ ಮಾರಬಹುದಿತ್ತಾ? ಸೀಟು ಬದಲಾಯಿಸುವುದೇನೋ ಕಷ್ಟವಾದರೂ ಆಗುವ ಕೆಲಸ. ಆದರೆ ತೇಜಸ್‌ನ ಎಂಜಿನ್ ಜನರಲ್ ಎಲೆಕ್ಟ್ರಿಕ್‌ನ ಎಫ್-404. ಆ ಎಂಜಿನ್ ಹೊತ್ತ ವಿಮಾನವನ್ನು ಬೆಂಗಳೂರು ಯಾರಿಗೆ ಮಾರಿದರೂ ಸಹಿ ಹಾಕಬೇಕಾದವರು ಅಮೆರಿಕದವರೇ. ಅವರ ಹತ್ತಿರ ಆಗ ಮಾರಿಸಲು ಡೆನ್ಮಾರ್ಕ್‌ನ 24 ಎಫ್-16ಗಳಿದ್ದವು.