ಅಜ್ಜಿಯ ತುಳು ರೆಕಾರ್ಡ್ ಮಾಡುವ ಮುನ್ನ

2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿ ಎಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಇಷ್ಟು ಜನರಿದ್ದರೂ ಬೇಸಾಯದ, ಹಳೆಯ ಅಡುಗೆಮನೆಯ, ನಾಟಿ ಮದ್ದಿನ ತುಳು ಹಿರಿಯರ ಬಾಯಲ್ಲೇ ಉಳಿಯುತ್ತಿದೆ. ಅದನ್ನು ಮೊಬೈಲಿನಲ್ಲಿ ಹಿಡಿದಿಡಲು ಮೊಮ್ಮಕ್ಕಳು ಮುಂದಾಗುತ್ತಿರುವುದು ನಿಜಕ್ಕೂ ಸಂತೋಷದ ವಿಷಯ. ಆ ಶ್ರಮ ವ್ಯರ್ಥವಾಗಬಾರದು.

ಹೆಚ್ಚಿನವರು ಎಡವುವುದು ಪ್ರಶ್ನೆಯಲ್ಲಿ. "ಇದಕ್ಕೆ ತುಳುವಿನಲ್ಲಿ ಏನಂತಾರೆ?" ಎಂದು ಕನ್ನಡದಲ್ಲಿ ಕೇಳಿದರೆ ಒಂದು ನಾಮಪದ ಸಿಗುತ್ತದೆ, ಅಷ್ಟೇ. ಕನ್ನಡದ ವಾಕ್ಯ ಕೊಟ್ಟು ತುಳುವಿಗೆ ತಿರುಗಿಸಿ ಎಂದರೆ ಇನ್ನೂ ಕಷ್ಟ, ಉತ್ತರ ಕನ್ನಡದ ಜಾಡಿನಲ್ಲೇ ಬರುತ್ತದೆ. ತುಳುವಿನಲ್ಲೇ ಕೇಳಿ, ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಗೆ ಗದ್ದೆ ಹದ ಮಾಡುವುದು ಹೇಗೆ, ಎರಡನೇ ಬೆಳೆಯಾದ ಸುಗ್ಗಿಗೂ ಮೂರನೆಯದಾದ ಕೊಳಕೆಗೂ ಏನು ವ್ಯತ್ಯಾಸ? ಆಗ ಕ್ರಿಯಾಪದಗಳು, ವಾಕ್ಯ ಜೋಡಿಸುವ ರೀತಿ, ಬೈಗುಳ, ನಗು ಎಲ್ಲ ಬರುತ್ತವೆ. ಓರಗೆಯ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿದರೆ ಇನ್ನೂ ಒಳ್ಳೆಯದು. ಪಾಡ್ದನವನ್ನೂ (ತುಳುವಿನ ಜನಪದ ಕಥನಗೀತೆ) ಹಾಡಿಸಿ, ಆದರೆ ಹಾಡಿನ ಭಾಷೆ ಬೇರೆ, ದಿನದ ಮಾತು ಬೇರೆ. ಎರಡನ್ನೂ ಒಂದೇ ಫೈಲಿಗೆ ಸೇರಿಸಬೇಡಿ.

ಧ್ವನಿಯನ್ನು ಕುಗ್ಗಿಸದ ವೇವ್ (WAV) ಫೈಲಾಗಿ, 48 ಕಿಲೋಹರ್ಟ್ಸ್, 16 ಬಿಟ್, ಮೋನೋದಲ್ಲಿ ಉಳಿಸಿ. ಗಂಟೆಗೆ ಸುಮಾರು 350 ಎಂಬಿ ಆಗುತ್ತದೆ. ವಾಟ್ಸಾಪ್ ವಾಯ್ಸ್ ಮೆಸೇಜ್ ಧ್ವನಿಯನ್ನು ಕುಗ್ಗಿಸುತ್ತದೆ, ಕಳೆದದ್ದು ಮತ್ತೆ ಬಾರದು. ಕಾಲರ್ ಮೈಕನ್ನು ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಆರಂಭದಲ್ಲೇ ದಿನಾಂಕ, ಊರು, ಮಾತಾಡುವವರ ವಯಸ್ಸು, ಸಮುದಾಯ ಮತ್ತು ಅವರ ಒಪ್ಪಿಗೆ ಧ್ವನಿಯಲ್ಲೇ ದಾಖಲಾಗಲಿ. ತುಳು ಊರಿಂದೂರಿಗೆ, ಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ಈ ವಿವರ ಇಲ್ಲದಿದ್ದರೆ ಒಂದು ರೂಪ ಯಾಕೆ ಹಾಗಿದೆ ಎಂದು ಮುಂದೆ ಯಾರಿಗೂ ತಿಳಿಯದು.

ನಿಜವಾದ ತೊಡಕು ಬರವಣಿಗೆಯದು. ಕನ್ನಡ ಲಿಪಿಯಲ್ಲಿ 'ಮಲ್ಪುವೆ' ಎಂದು ಬರೆದರೆ 'ನಾನು ಮಾಡುತ್ತೇನೆ'ಯೂ ಹೌದು, 'ಅವನು ಮಾಡುತ್ತಾನೆ'ಯೂ ಹೌದು. ಉಚ್ಚಾರದಲ್ಲಿ ಎರಡೂ ಬೇರೆ: 'ನಾನು' ರೂಪದ ಕೊನೆಯ ಸ್ವರಕ್ಕೆ ಬಾಯಿ ಹೆಚ್ಚು ತೆರೆಯುತ್ತದೆ, ಇಂಗ್ಲಿಷಿನ 'ಮ್ಯಾನ್' ಪದದಲ್ಲಿರುವಂತೆ. ಕನ್ನಡಕ್ಕೆ ಈ ಸ್ವರದ ಅಕ್ಷರವಿಲ್ಲ. ಎಸ್. ಯು. ಪಣಿಯಾಡಿಯವರು 1932ರ ತಮ್ಮ ತುಳು ವ್ಯಾಕರಣದಲ್ಲೇ ಇದಕ್ಕೆ ಪ್ರತ್ಯೇಕ ಗುರುತು ಬಳಸಿದ್ದರು. ಈಗಿನ ಕೀಬೋರ್ಡಿನಲ್ಲಿ ಅದು ಸಿಗದು, ಆದ್ದರಿಂದ ಅಂಥ ಕಡೆ ಪದದ ಕೊನೆಗೆ ಒಂದು ನಕ್ಷತ್ರ ಚಿಹ್ನೆ ಹಾಕಿ: ಮಲ್ಪುವೆ*. ಯಾವ ಗುರುತು ಎನ್ನುವುದಕ್ಕಿಂತ ಎಲ್ಲ ಕಡೆ ಅದನ್ನೇ ಬಳಸುವುದು ಮುಖ್ಯ, ಇಲ್ಲವಾದರೆ ಹುಡುಕುವಾಗ ಅರ್ಧ ಪದ ಕೈತಪ್ಪುತ್ತದೆ.

ಧ್ವನಿಯನ್ನು ಕೇಳಿ ಬರಹಕ್ಕಿಳಿಸಲು ಎಲಾನ್ (ELAN) ಎಂಬ ಉಚಿತ ತಂತ್ರಾಂಶವಿದೆ. ಒಂದು ಪದರದಲ್ಲಿ ಕೇಳಿದ ಮಾತು, ಇನ್ನೊಂದರಲ್ಲಿ ಕನ್ನಡ ಅರ್ಥ, ಎರಡೂ ಧ್ವನಿಯ ಕ್ಷಣಕ್ಕೆ ಕಟ್ಟಿಕೊಂಡಿರುತ್ತವೆ. ತೊದಲಿದ್ದನ್ನು, ಅರ್ಧಕ್ಕೆ ಬಿಟ್ಟದ್ದನ್ನು ತಿದ್ದದೆ ಹಾಗೇ ಬರೆಯಿರಿ. ಒಂದು ನಿಮಿಷದ ಮಾತಿಗೆ ಅರ್ಧ ಗಂಟೆಯಾದರೂ ಹಿಡಿಯಬಹುದು. ಹಾಗಾಗಿ ಹೆಚ್ಚು ರೆಕಾರ್ಡ್ ಮಾಡಿ ಗುಡ್ಡೆ ಹಾಕುವುದಕ್ಕಿಂತ ಹತ್ತು ನಿಮಿಷವನ್ನು ಪೂರ್ತಿ ಬರೆದು ಮುಗಿಸಿ, ಹಿರಿಯರು ಇರುವಾಗಲೇ ಸಂಶಯಗಳನ್ನು ಅವರಲ್ಲೇ ಕೇಳಿಬಿಡಿ.

ಮೂಲ ಫೈಲಿನ ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ. ಇನ್ನೊಂದು ಪ್ರತಿ ಮಾತಾಡಿದವರ ಮನೆಗೆ ಹೋಗಲಿ. ದೈವಾರಾಧನೆಗೆ ಸಂಬಂಧಿಸಿದ ಪಾಡ್ದನವನ್ನು ಹಾಡಿದವರು ಸ್ಪಷ್ಟವಾಗಿ ಒಪ್ಪದ ಹೊರತು ಇಂಟರ್‌ನೆಟ್ಟಿಗೆ ಹಾಕಬೇಡಿ.